ಐವತ್ತೊಂದನೆಯವನು

ನಿಯಮಾವಳಿ ಓದುವ ಚಟ ಆರ್ಡಿತ್‌ಗೆ ಹೇಗೆ ಅಂಟಿತೋ ದೇವರೇ ಬಲ್ಲ. ಸಸ್ಕ್ಯಾಚೆವಾನ್‌ನ ಆ ಪುಟ್ಟ ಊರಲ್ಲಿ ಐಸ್ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಅಂಕಣ ಒಂದು ಖಾಸಗಿ ಕಂಪನಿಯ ಸೊತ್ತು. ಆಕೆ ಅದರ ಕಾರ್ಯದರ್ಶಿ. ಅಂಕಣವನ್ನು ಮಾರುವುದೋ ಉಳಿಸಿಕೊಳ್ಳುವುದೋ ಎಂದು ಭಾನುವಾರ ಷೇರುದಾರರು ಮತ ಹಾಕಬೇಕಿತ್ತು. ಹತ್ತೊಂಬತ್ತು ಚಳಿಗಾಲ ಅಲ್ಲಿ ಐಸ್ ಹಾಸಿದ ಲೈಲ್ ಸಾವ್ಚುಕ್‌ಗೆ ಮಾತ್ರ ಮತವಿಲ್ಲ, ಷೇರೇ ಇಲ್ಲವಲ್ಲ! ಮಾರಿದರೆ ಮೊದಲು ಬೀದಿಗೆ ಬೀಳುವವನೂ ಅವನೇ.

"ಒಂದು ಹೊಸ ಷೇರು ಕೊಡೋಕೇನು ದಾಡಿ ನಿಮಗೆ?" ಎಂದು ಲೈಲ್ ಸಿಡುಕಿದ.

"ಷೇರು ಎಷ್ಟು ಬೇಕಾದ್ರೂ ಹೊರಡಿಸಬಹುದು ಮಾರಾಯ. ಷೇರುದಾರರು ಐವತ್ತು ದಾಟೋ ಹಾಗಿಲ್ಲ. ಈಗ ಸರಿಯಾಗಿ ಐವತ್ತು."

"ಹಾಗಾದ್ರೆ ಯಾರಾದ್ರೂ ಸಾಯೋವರೆಗೂ ಕಾಯ್ಲಾ?"

"ಥೂ, ಬಿಡ್ತು ಅನ್ನು!"

ಅವನು ಹೋದ ಮೇಲೆ ಆಕೆಯ ತಲೆಗೆ ಹುಳ ಹೊಕ್ಕಿತು. ಐವತ್ತೇ ಯಾಕೆ? ಅರವತ್ತು ಯಾಕಲ್ಲ? ಕಾಫಿ ಆರಿದರೂ ನಿಯಮಾವಳಿಯ ಪುಟ ಮಗುಚುತ್ತಲೇ ಕೂತಳು. ಐವತ್ತೇ ಯಾಕೆಂದು ಎಲ್ಲೂ ಬರೆದಿರಲಿಲ್ಲ. ಆದರೆ ಅದೇ ನಿಯಮದ ಬಾಲದಲ್ಲಿ ಇನ್ನೊಂದು ಸಾಲಿತ್ತು: ಇಬ್ಬರು ಜಂಟಿಯಾಗಿ ಷೇರು ಹೊಂದಿದ್ದರೆ ಅವರನ್ನು ಒಬ್ಬರೆಂದೇ ಎಣಿಸತಕ್ಕದ್ದು.

"ಅಬ್ಬಾ, ಇಷ್ಟು ವರ್ಷ ಎಲ್ಲಿ ಅಡಗಿ ಕೂತಿದ್ದೆ?" ಎಂದು ಪುಸ್ತಕವನ್ನೇ ಕೇಳಿದಳು.

ಲೈಲ್ ಹೆಸರು ಸೇರಿಸಿಕೊಳ್ಳುತ್ತೀರಾ ಎಂದು ಮೂವರು ಷೇರುದಾರರಿಗೆ ಫೋನ್ ಮಾಡಿದಳು. ಮೂವರೂ ನುಣುಚಿಕೊಂಡರು. ನಾಲ್ಕನೆಯವರು ಕರೆಯದೆಯೇ ಬಂದು ಬಾಗಿಲು ತಟ್ಟಿದರು: ಎಂಬತ್ತೊಂದರ ವಿಲ್ಮಾ ಫ್ರೀಸೆನ್. ಮಾರಿಬಿಡಿ ಎನ್ನುವ ಗುಂಪಿನ ಮುಂದಾಳು ಅವರೇ. ಸಾಲದ್ದಕ್ಕೆ, ಲೈಲ್ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ. ಹಸಿ ಐಸ್ ಮೇಲೆ ಬೂಟು ಹಾಕಿಕೊಂಡು ನಡೆದರೆಂದು ಅವನು ಎಲ್ಲರೆದುರು ಅವರನ್ನು ಬೈದಿದ್ದ.

"ಜಂಟಿ ಅಂತೆ? ಏನೇ ಅದು?"

"ನಿಮ್ಮ ಷೇರಲ್ಲಿ ಅವನ ಹೆಸರೂ ಸೇರುತ್ತೆ, ಅಷ್ಟೇ."

"ಮತ ಯಾರದು?"

ಆರ್ಡಿತ್ ಸುಳ್ಳು ಹೇಳುವ ಹಾಗಿರಲಿಲ್ಲ. "ಇಬ್ರೂ ಹಾಕಿದ್ರೆ, ರಿಜಿಸ್ಟರಲ್ಲಿ ಯಾರ ಹೆಸರು ಮೊದಲಿರುತ್ತೋ ಅವರದ್ದೇ ಲೆಕ್ಕ."

ವಿಲ್ಮಾ ಕಿಟಕಿಯಾಚೆ ಅಂಕಣದ ತಗಡಿನ ಮಾಡನ್ನೇ ನೋಡುತ್ತ ಕೂತರು. ಕೆಟ್ಟಿತು ಕೆಲಸ ಎಂದುಕೊಂಡಳು ಆರ್ಡಿತ್.

"ಅವನ ಹೆಸರೇ ಮೊದ್ಲು ಬರಿ."

"ವಿಲ್ಮಾ, ಅವನು ಉಳಿಸಿ ಅಂತ ಮತ ಹಾಕ್ತಾನೆ!"

"ಅಷ್ಟೂ ಗೊತ್ತಾಗಲ್ವಾ ನಂಗೆ? ಅವತ್ತು ಅವನು ಬೈದಿದ್ದು ಸರಿಯಾಗೇ ಇತ್ತು ಕಣೇ. ಒಪ್ಕೊಳ್ಳೋಕೆ ನಾಚಿಕೆಯಾಗಿ ಹನ್ನೊಂದು ವರ್ಷ ಆ ಹೊಸ್ತಿಲು ತುಳಿದಿಲ್ಲ. ಕಾಲೇ ಇಡದ ಜಾಗ ಮಾರಿ ಅಂತ ಕೂಗೋಕೆ ನಾನ್ಯಾರು?"

ಷೇರು ವರ್ಗಾವಣೆಗೆ ಕಂಪನಿಯ ನಿರ್ದೇಶಕರ ಒಪ್ಪಿಗೆ ಬೇಕು. ಶುಕ್ರವಾರ ಮೂವರು ನಿರ್ದೇಶಕರೂ ಗೊಣಗುತ್ತಲೇ ಸಹಿ ಹಾಕಿದರು. ನಿಯಮ ಅವರ ಮುಂದೆಯೇ ತೆರೆದಿತ್ತಲ್ಲ.

ಲೈಲ್ ಬಂದು ರಿಜಿಸ್ಟರ್ ನೋಡಿದ. ತನ್ನ ಹೆಸರು, ಅದರ ಕೆಳಗೆ ವಿಲ್ಮಾ ಹೆಸರು. ಬೆರಳಿಟ್ಟು ಎರಡು ಸಲ ಓದಿದ. ಅವನ ಕಣ್ಣು ತುಂಬಿ ಬಂತು.

"ಭಾನುವಾರ ಅವರಿಗೂ ಬರೋಕೆ ಹೇಳು," ಎಂದ ಕೊನೆಗೆ. "ಬೂಟು ಮಾತ್ರ ಬಾಗಿಲಲ್ಲೇ ಬಿಡ್ಲಿ."