ಮೇಜಿನ ಮೇಲಿನ ಅಂಗೈ

"ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸ್ರೀ ಅಂದ್ರೆ ಅರ್ಥ ಆಗಲ್ವಾ? ಗೇಟನ್ನೇ ಹೊತ್ಕೊಂಡು ಹೋಗ್ತೀರಾ?"

ಶವದ ವ್ಯಾನು ಗಕ್ಕನೆ ನಿಂತಿತು. ಹಾರ್ನಪ್ಪ ಎತ್ತಿದ ಕೈಯನ್ನು ಇಳಿಸದೆ ಅಭ್ಯಾಸಬಲದಿಂದ ಮನೆಯ ಬಾಗಿಲ ಕಡೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ಅವನನ್ನು ತಡೆಯುತ್ತಿದ್ದ ಹೆಂಡತಿ ವ್ಯಾನಿನೊಳಗೆ ಮಲಗಿದ್ದಳು.

ಹಾರ್ನಪ್ಪ ಎಂಬುದು ಬಸ್ ಡಿಪೋದವರು ಇಟ್ಟ ಹೆಸರು. ಡ್ರೈವರನಾಗಿದ್ದಷ್ಟು ಕಾಲವೂ ಬಸ್ಸಿನ ಹಾರ್ನಿಗಿಂತ ಮೊದಲು ಅವನ ಬಾಯಿ ಕೂಗುತ್ತಿತ್ತು. ಕೋಪ ಮೂಗಿನ ತುದಿಯಲ್ಲೇ. ಇಂಥವನ ಜೊತೆ ಆ ಹೆಣ್ಣುಮಗಳು ಹೇಗೆ ಬಾಳಿದಳೋ ಎಂದು ನೆಂಟರು ಬೆರಗಾಗುತ್ತಿದ್ದರು. ಅವಳಿಲ್ಲದೆ ತನ್ನ ಜೊತೆ ತಾನೇ ಹೇಗೆ ಬಾಳುವುದು ಎಂಬುದು ಈಗ ಅವನಿಗೆ ಹುಟ್ಟಿದ ಭಯ. ಮಗಳು ತನ್ನ ಮನೆಗೆ ಬಂದಿರು ಎಂದು ಕರೆದಿದ್ದಳು. ಹೋದರೆ ತಿಂಗಳೊಳಗೆ ಅಳಿಯನ ಮೇಲೆ ಹಾರಾಡಿ, ಇರುವ ಒಬ್ಬ ಮಗಳನ್ನೂ ಕಳೆದುಕೊಳ್ಳುತ್ತೇನೆಂದು ಅವನು ಹೂಂ ಅಂದಿರಲಿಲ್ಲ.

"ಬಿಡಪ್ಪಾ, ಅವರಿಗೂ ಗಾಡಿ ಓಡ್ಸೋಕೆ ಬರುತ್ತೆ," ಎಂದಳು ಮಗಳು.

*

ಅದು ಯಾವಾಗ ಶುರುವಾಯಿತೋ ಅವನಿಗೆ ನೆನಪಿಲ್ಲ. ದಿನವಿಡೀ ಟ್ರಾಫಿಕ್ಕಿನಲ್ಲಿ ಬೆಂದು ಬಂದು, ಊಟದ ಮೇಜಿಗೆ ಕೂತು ಲೋಕವನ್ನೆಲ್ಲ ಬೈಯಲು ಬಾಯಿ ತೆರೆದರೆ, ಹೆಂಡತಿ ಮಾತಾಡದೆ ಅಂಗೈಯನ್ನು ಮೇಜಿನ ಮೇಲೆ ಮಗುಚಿ ಇಡುತ್ತಿದ್ದಳು. ಆ ಕೈಯನ್ನು ನೋಡುತ್ತ ನೋಡುತ್ತ ಅವನ ಉಸಿರು ತಗ್ಗುತ್ತಿತ್ತು. ಪೂರ್ತಿ ತಗ್ಗಿದ ಮೇಲೆ ಅವಳು ಕೈ ತಿರುಗಿಸುತ್ತಿದ್ದಳು. ಒಳಗೊಂದು ಕಿತ್ತಳೆ ತೊಳೆ.

ಅವಳ ಕೆಲಸ ಕೋತಿಗಳ ಮೆದುಳನ್ನು ಸ್ಕ್ಯಾನ್ ಮಾಡುವ ಪ್ರಯೋಗಾಲಯದಲ್ಲಿ. ಕೋತಿಗಳನ್ನು ನೋಡಿಕೊಳ್ಳುವುದು, ಅಲುಗದೆ ಕೂರಲು ಕಲಿಸುವುದು.

"ಅಲ್ಲಿ ನಿನ್ನ ಕೋತಿಗಳು ಮಾಡೋದಾದ್ರೂ ಏನೇ?" ಎಂದು ಒಮ್ಮೆ ಕೇಳಿದ್ದ.

"ಹಸಿರು ದೀಪ ಬಂದ್ರೆ ಗುಂಡಿ ಒತ್ತಬೇಕು. ಒತ್ತೋಷ್ಟರಲ್ಲಿ ಕೆಂಪು ಬಂದ್ರೆ ಕೈ ತಡ್ಕೋಬೇಕು. ಹಾಗೆ ತಡ್ಕೊಳ್ಳೋವಾಗ ಮೆದುಳಲ್ಲಿ ಯಾವ ಜಾಗ ಕೆಲಸ ಮಾಡುತ್ತೆ ಅಂತ ನೋಡ್ತಾರೆ."

"ಇಷ್ಟೇನಾ?"

"ಇಷ್ಟೇ ಅಂತೀರಲ್ಲ. ಒತ್ತೋದು ಯಾರಿಗೆ ಬರಲ್ಲ ಹೇಳಿ? ತಡ್ಕೊಳ್ಳೋದು ನಿಮಗೇ ಬರಲ್ಲ."

*

ಮಣ್ಣು ಮಾಡಿ ಬಂದವರಿಗೆ ಅಂಗಳದಲ್ಲಿ ಚಹಾ ಕೊಡುತ್ತಿದ್ದರು. ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರಮ್ಮ ಮತ್ತು ಗಡ್ಡದ ಸಂಶೋಧಕನೊಬ್ಬ ಮೂಲೆಯಲ್ಲಿ ನಿಂತು ಗುಸುಗುಸು ಮಾತಾಡುತ್ತ ಗಡಿಯಾರ ನೋಡಿಕೊಳ್ಳುತ್ತಿದ್ದರು.

"ಹೊತ್ತಾಯ್ತಾ?" ಎಂದ ಹಾರ್ನಪ್ಪ, ಚುಚ್ಚಿದ ಹಾಗೆ.

ಡಾಕ್ಟರಮ್ಮ ಮುಚ್ಚಿಡಲಿಲ್ಲ. "ದೊರೆ ಅಂತ ನಮ್ಮಲ್ಲೊಂದು ಮುದಿ ಕೋತಿ ಇದೆ. ಅದರ ಕೆಲಸ ಮುಗೀತು. ಇಂಥ ಪ್ರಾಣಿಗಳನ್ನ ಸಾಕೋ, ಮರಗಿಡ ಇರೋ ಬಯಲಿಗೆ ಇವತ್ತು ಸಂಜೆಯೊಳಗೆ ಹೋಗ್ಬೇಕು, ಇಲ್ಲಾಂದ್ರೆ ಆ ಜಾಗ ಬೇರೆ ಪ್ರಾಣಿಗೆ ಹೋಗುತ್ತೆ. ಜಾಗ ಕೊಡಿ ಅಂತ ಕಾಡಿ ಬೇಡಿ ತಗೊಂಡಿದ್ದು ನಿಮ್ಮಾಕೇನೇ. ಆದ್ರೆ ದೊರೆ ಬೆಳಗ್ಗೆಯಿಂದ ಸಾಗಿಸೋ ಪೆಟ್ಟಿಗೆಯೊಳಕ್ಕೆ ಕಾಲಿಡ್ತಿಲ್ಲ. ಮಂಪರು ಬರೋ ಇಂಜೆಕ್ಷನ್ ಕೊಟ್ರೆ ಅದರ ಹೃದಯ ತಡ್ಕೊಳ್ಳಲ್ಲ."

"ಅಕ್ಕ ಇದ್ದಿದ್ರೆ ಆಗ್ಹೋಗ್ತಿತ್ತು," ಎಂದ ಗಡ್ಡದವನು. "ಅಂಗೈ ಹೀಗೆ ಮಗುಚಿ ಇಡೋರು. ಅದು ಸುಮ್ಮನಾದ್ರೆ ತಿರುಗಿಸೋರು, ಒಳಗೊಂದು ಕಿತ್ತಳೆ ತೊಳೆ. ನಾವೂ ಮಾಡಿ ನೋಡಿದ್ವಿ, ಜಗ್ಗಲಿಲ್ಲ."

ಹಾರ್ನಪ್ಪ ಚಹಾದ ಲೋಟ ಕೆಳಗಿಟ್ಟ. ಇಷ್ಟು ವರ್ಷ ಪ್ರೀತಿ ಅಂದುಕೊಂಡಿದ್ದು ಕೋತಿ ಪಳಗಿಸುವ ವಿದ್ಯೆಯಾಗಿತ್ತೆ? ಅವನಿಗೆ ಪಿತ್ತ ನೆತ್ತಿಗೇರಿತು, ಅದಕ್ಕಿಂತ ಹೆಚ್ಚಾಗಿ ನೋವಾಯಿತು.

"ಹಾಗಾದ್ರೆ ನನ್ನನ್ನೂ ಕೋತಿ ಮಾಡಿ ಕೂರಿಸಿದ್ಲು ಅನ್ನಿ."

"ನೀವು ಉಲ್ಟಾ ತಿಳ್ಕೊಂಡ್ರಿ," ಎಂದರು ಡಾಕ್ಟರಮ್ಮ. "ನಿಮ್ಮಾಕೆ, ದೊರೆ ಇಬ್ಬರೂ ನಮ್ಮಲ್ಲಿಗೆ ಬಂದಿದ್ದು ಒಂದೇ ವಾರದಲ್ಲಿ. ಅದು ಕಂಡಕಂಡವರನ್ನ ಕಚ್ಚೋಕೆ ಬರ್ತಿತ್ತು. ವಾಪಸ್ ಕಳಿಸೋಣ ಅಂದೆ. ಆಗ ಆಕೆ, 'ನಮ್ಮ ಮನೇಲೂ ಹೀಗೇ ಒಬ್ಬರಿದ್ದಾರೆ ಮೇಡಂ. ಕೆಟ್ಟವರಲ್ಲ, ಆತುರ ಅಷ್ಟೇ. ಅವರಿಗೆ ನಾಟಿದ್ದು ಇದಕ್ಕೂ ನಾಟುತ್ತೆ' ಅಂದ್ರು. ಕೋತಿಗೆ ದಾರಿ ತೋರಿಸಿದವರು ನೀವು."

ಮೊದಲು ಕಿಸಕ್ಕೆಂದಿದ್ದು ಮಗಳು. ಬೆಳಗಿನಿಂದ ಅತ್ತು ಊದಿದ ಕಣ್ಣಲ್ಲೇ ನಕ್ಕಳು. ಸಾವಿನ ಮನೆ ಎಂಬುದನ್ನೂ ಮರೆತು ಹಾರ್ನಪ್ಪನೂ ನಕ್ಕುಬಿಟ್ಟ, ನಗುತ್ತಲೇ ಅತ್ತ. ಆಮೇಲೆ ಮೂಗೊರೆಸಿಕೊಂಡು ಹೇಳಿದ:

"ಒಂದು ಕಿತ್ತಳೆ ಹಣ್ಣು ತಗೊಂಬಾ ಮಗಳೇ."

*

ದೊರೆ ಪಂಜರದ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತಿತ್ತು. ಹುಬ್ಬೆಲ್ಲ ಬೆಳ್ಳಗಾಗಿತ್ತು. ಹಾರ್ನಪ್ಪ ನೆಲದ ಮೇಲೆ ಕೂತು, ಪಂಜರಕ್ಕೆ ತಾಗಿಸಿ ಬಾಗಿಲು ತೆರೆದಿಟ್ಟಿದ್ದ ಪೆಟ್ಟಿಗೆಯ ಮೇಲೆ ಅಂಗೈ ಮಗುಚಿ ಇಟ್ಟ. ದೊರೆ ತಿರುಗಿ ಹಲ್ಲು ಕಿರಿಯಿತು, ಸರಳನ್ನು ಹಿಡಿದು ಅಲುಗಾಡಿಸಿತು, ಮತ್ತೆ ಆ ಕೈಯನ್ನು ನೋಡಿತು.

"ಈಗ ತಿರುಗಿಸಿ," ಎಂದು ಗಡ್ಡದವನು ಪಿಸುಗುಟ್ಟಿದ.

"ತಾಳಿ. ಉಸಿರು ಇನ್ನೂ ತಗ್ಗಿಲ್ಲ."

ತನ್ನ ದನಿ ಇಷ್ಟು ಮೆತ್ತಗಿರುವುದನ್ನು ಹಾರ್ನಪ್ಪ ಈವರೆಗೆ ಕೇಳಿರಲಿಲ್ಲ. ಆ ಮುದಿ ಭುಜಗಳು ಸಡಿಲವಾಗುವವರೆಗೂ ಕಾದು ಕೈ ತಿರುಗಿಸಿದ. ದೊರೆ ತೊಳೆ ತೆಗೆದುಕೊಂಡು, ಅವಸರವಿಲ್ಲದೆ ತಿಂದು, ಪೆಟ್ಟಿಗೆಯೊಳಗೆ ಹೋಗಿ ಕೂತಿತು.

ಬಯಲು ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ಎತ್ತರದ ಬಲೆಯೊಳಗೆ ಮರಗಳಿದ್ದವು. ಪೆಟ್ಟಿಗೆಯ ಬಾಗಿಲು ತೆಗೆದರೂ ದೊರೆ ಹೊರಬರಲಿಲ್ಲ. ಹಾರ್ನಪ್ಪನ ಕೈಯನ್ನೇ ನೋಡುತ್ತ ಅಪ್ಪಣೆಗೆ ಕಾದಿತು. ಅವನು ಕೈ ಎತ್ತಹೋದವನು ತಡೆದುಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ದೊರೆ ಕೈ ಕಾಣದೆ ಅತ್ತಿತ್ತ ನೋಡಿತು, ಆಮೇಲೆ ಮರ ನೋಡಿತು. ಹುಲ್ಲಿನ ಮೇಲೆ ಒಂದು ಕಾಲಿಟ್ಟು ತೆಗೆಯಿತು. ಮತ್ತೆ ಇಟ್ಟಿತು.

"ಅಪ್ಪಾ," ಎಂದಳು ಮಗಳು ಮೆಲ್ಲಗೆ, "ನಮ್ಮನೆಗೆ ಬರ್ತೀಯಾ?"

ಹಾರ್ನಪ್ಪ, ದೊರೆ ಮೊದಲ ಕೊಂಬೆ ಹತ್ತಿ, ಎರಡನೆಯದಕ್ಕೆ ಕೈ ಚಾಚುವವರೆಗೂ ನೋಡಿದ. ಆಮೇಲೆ "ಹೂಂ" ಎನ್ನುತ್ತ ಬೆನ್ನ ಹಿಂದಿನ ಕೈಯನ್ನು ಮುಂದಕ್ಕೆ ತಂದು ಮಗಳೆದುರು ಅಂಗೈ ತಿರುಗಿಸಿದ. ಒಳಗೆ ಒಂದು ತೊಳೆ ಉಳಿದಿತ್ತು, ಸ್ವಲ್ಪ ಜಜ್ಜಿತ್ತು.