ಕುಂಬಳಕಾಯಿ ಒಡೆದ ಕಲ್ಲು

ಮೊದಲೇ ಆಣೆ ಇಟ್ಟು ಹೇಳಿಬಿಡುತ್ತೇನೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾನು ಕೂತಲ್ಲೇ ಕರಗಿ ನೀರಾಗಿ ಹೋಗಲಿ. ಕಲ್ಲು ಕರಗುವುದಿಲ್ಲ ಎನ್ನುವುದು ನನಗೂ ಗೊತ್ತು. ಆದರೂ ಆಣೆ ಆಣೆಯೇ. ಹೇಗೂ ನೀವು ನನ್ನ ಮೇಲೆ ಕೂತಿದ್ದೀರಿ. ನಿಮ್ಮ ಮನೆಯವರು ಮೈದಾನ ಸುತ್ತಿ ಬರುವ ತನಕ ನಿಮಗೂ ಬೇರೆ ಕೆಲಸವಿಲ್ಲ. ಕೇಳಿ.

ನಾನು ಒಂದು ಉರುಳುಗಲ್ಲು. ಹುಟ್ಟಿದ್ದು ಇಳಕಲ್ಲಿನ ಕಡೆ, ಕೆಂಪು ಕಲ್ಲಿನ ಗುಡ್ಡದಲ್ಲಿ. ಕಣದಲ್ಲಿ ಜೋಳದ ತೆನೆಯ ಮೇಲೆ ಎತ್ತುಗಳು ಎಳೆಯುತ್ತವಲ್ಲ, ಆ ರೋಣಗಲ್ಲಾಗಿ ನನ್ನನ್ನು ಕಡೆದರು. ರೋಣಗಲ್ಲಿಗೆ ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಹಾಗಿದ್ದರೇ ಅದು ನೆಟ್ಟಗೆ ಹೋಗದೆ ಕಣದ ಸುತ್ತ ತಿರುಗುತ್ತದೆ. ಉಳಿ ಬಿದ್ದಾಗ ನೋವಾಯಿತೇ ಎಂದು ಕೇಳಬೇಡಿ. ಕಲ್ಲಿಗೆ ಏನೂ ಅನಿಸುವುದಿಲ್ಲ.

ಬಹಳ ವರ್ಷ ಸುತ್ತಿದೆ. ಒಂದು ಸುಗ್ಗಿಯಲ್ಲಿ ಎಷ್ಟು ಸುತ್ತಿದೆವೆಂದರೆ, ಕೊರಳ ಹಗ್ಗ ಬಿಚ್ಚಿ ಮನೆಗೆ ಅಟ್ಟಿದ ಎತ್ತುಗಳು ದಾರಿಯುದ್ದಕ್ಕೂ ಸುತ್ತುತ್ತಲೇ ಹೋಗಿ ಮರುದಿನ ಮಧ್ಯಾಹ್ನ ಮನೆ ಮುಟ್ಟಿದವು. ಆಮೇಲೆ ರಾಶಿ ಮಾಡುವ ಮಷಿನ್ನು ಬಂತು. ನಾನು ಕಣದ ಅಂಚಿಗೆ ಬಿದ್ದೆ. ಅಲ್ಲಿಂದ ನನ್ನನ್ನು ಈ ಊರಿನ ಹತ್ತಿ ಜಿನ್ನಿಂಗ್ ಗಿರಣಿಯವರು ತಮ್ಮ ಕ್ರಿಕೆಟ್ ಮೈದಾನಕ್ಕೆ ತಂದರು. ಮೈದಾನದ ಒಂದು ಬದಿಗೆ ಕಲ್ಲಿನ ಗ್ಯಾಲರಿ ಇತ್ತು. ಅಷ್ಟಕ್ಕೇ ಊರವರು ಇದನ್ನು ಸ್ಟೇಡಿಯಂ ಎಂದು ಕರೆದರು.

ನನ್ನನ್ನು ಎಳೆಯುವವನು ಮೈದಾನದ ಆಳು ಅಂದಾನಪ್ಪ. ಪಿಚ್ಚಿನ ಮೇಲೂ ನಾನು ಕಣದ ಅಭ್ಯಾಸದಂತೆ ಎಡಕ್ಕೇ ಎಳೆಯುತ್ತಿದ್ದೆ. ಅವನು ಬೈಯುತ್ತ ಬಲಕ್ಕೆ ಜಗ್ಗುತ್ತಿದ್ದ. "ಲೇ, ನಿನ್ನ ಕಣ ಬಿಟ್ಟು ಎಷ್ಟು ವರ್ಷಾತೋ! ಇನ್ನೂ ಜ್ವಾಳದ ನೆನಪೇನು?" ಎನ್ನುತ್ತಿದ್ದ. ಮುಂದೆ ಅವನ ಹೆಂಡತಿ ಫಕ್ಕೀರವ್ವ ನೀರು ಚಿಮುಕಿಸುತ್ತ ನಡೆಯುತ್ತಿದ್ದಳು. ಉರುಳಿಸುವ ಮೊದಲು ಒಂದು ಚೆಂಬು ನೀರು ನನ್ನ ಮೈಮೇಲೂ ಹಾಕುತ್ತಿದ್ದಳು, ಮಣ್ಣು ಅಂಟದಿರಲಿ ಎಂದು. ಇಬ್ಬರಿಗೂ ಗ್ಯಾಲರಿಯ ಕೆಳಗಿನ ಖೋಲಿಯೇ ಮನೆ. ಕೆಲಸ ಮುಗಿದ ಮೇಲೆ ನನಗೆ ಬೆನ್ನು ಕೊಟ್ಟು ಕೂತು ರೊಟ್ಟಿ ತಿನ್ನುತ್ತಿದ್ದರು. ಅವಳು ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಹೇಳಿದವಳಲ್ಲ. "ಇಲ್ಲೇ ನೋಡ್ರಿ", "ಬರ್ರಿಲ್ಲೆ", ಅಷ್ಟೇ. ರೇಷನ್ ಅಂಗಡಿಯವನು ಗಂಡನ ಹೆಸರೇನವ್ವಾ ಎಂದು ಕೇಳಿದರೂ ಪಕ್ಕದಲ್ಲಿ ನಿಂತವರಿಂದ ಹೇಳಿಸುತ್ತಿದ್ದಳು.

ಆಗ ನಾನು ಆಟವನ್ನೂ ಆಡಿದ್ದೇನೆ. ಬೌಂಡರಿ ಗೆರೆಯ ಬದಿಗೆ ಬಿದ್ದುಕೊಂಡಿದ್ದ ನನಗೆ ಒಬ್ಬ ಆಟಗಾರ ಹೊಡೆದ ಚೆಂಡು ಬಡಿದು, ಹಾಗೇ ಹಾರಿ ಬೌಲರನ ಕೈಗೆ ಹೋಗಿ ಕೂತಿತು. ಅಂಪೈರ್ ಔಟ್ ಕೊಟ್ಟರು. ಆ ವರ್ಷದ ಒಳ್ಳೆಯ ಫೀಲ್ಡರ್ ಬಹುಮಾನ ನನಗೇ ಬರಬೇಕಿತ್ತು. ಕಪ್ ಹಿಡಿಯಲು ಕೈಯಿಲ್ಲವೆಂದು ಕೊಡಲಿಲ್ಲ.

ಪ್ರತಿ ವರ್ಷ ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯ ದಿನ, ಅಂದಾನಪ್ಪ ನನಗೆ ಸುಣ್ಣದ ಪಟ್ಟೆ ಬಳಿದು, ಹೂ ಏರಿಸಿ, ಪಿಚ್ಚಿನ ನಟ್ಟನಡುವೆ ಕುಂಕುಮ ತುಂಬಿದ ಕುಂಬಳಕಾಯಿ ಇಡುತ್ತಿದ್ದ. ನಾನು ಅದರ ಮೇಲೆ ಉರುಳಬೇಕು. ಮೈದಾನದ ದೃಷ್ಟಿ ಹೋಗಬೇಕು. ಆ ಪದ್ಧತಿ ಅವನೇ ಹಚ್ಚಿದ್ದು. ಹಳೆಯ ಪಿಚ್ಚು ಮೊಳೆ ಹೊಡೆದರೆ ಮೊಳೆಯೇ ಮಣಿಯುವಷ್ಟು ಗಟ್ಟಿ. ಕುಂಬಳದ ಬೀಜ ಹಾಗೇ ಮೇಲೆ ಬಿದ್ದಿರುತ್ತಿತ್ತು, ಅಳಿಲು ತಿಂದು ಹೋಗುತ್ತಿತ್ತು.

ಒಂದು ಬೇಸಿಗೆ ಅಂದಾನಪ್ಪನಿಗೆ ಜ್ವರ ಬಂತು. ದವಾಖಾನೆಗೆ ಹೋದವನು ಬರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಫಕ್ಕೀರವ್ವ ಅಳಲಿಲ್ಲ. ಅಳಿಸಲು ಬಂದವರಿಗೆ ಚಹಾ ಕೊಟ್ಟು ಕಳಿಸಿದಳು. ಆ ವಾರದಲ್ಲೇ ಬಂದು ನನ್ನ ಹಿಡಿಕೆಗೆ ಕೈ ಹಾಕಿ, ಅವನು ನಿಲ್ಲುತ್ತಿದ್ದ ಬಲಗಡೆಗೇ ನಿಂತು ಜಗ್ಗಿದಳು. ಬೈಯಲಿಲ್ಲ. ನನಗೇನೂ ಅನಿಸಲಿಲ್ಲ. ಅವಳಿಗೂ ಅನಿಸಿದಂತೆ ಕಾಣಲಿಲ್ಲ. ನಾವಿಬ್ಬರೂ ಹಾಗೇ ಕೆಲವು ವರ್ಷ ಉರುಳಿದೆವು.

ಆಮೇಲೆ ಸ್ಟೇಡಿಯಂ ಹೊಸದು ಮಾಡಬೇಕೆಂದು ಊರಿಗೆ ಹುಕಿ ಬಂತು. ಕಮಿಟಿಗೆ ವಜ್ರಮಟ್ಟಿ ಸಾಹೇಬರು ಎಂಬ ಹೊಸ ಸೆಕ್ರೆಟರಿ ಬಂದರು. ಮೈಸೂರು ಕಡೆಯಿಂದ ಸುಧೀಂದ್ರ ಎಂಬ ಗುತ್ತಿಗೆದಾರ ಬಂದ. ಜೆಸಿಬಿ ಬಂತು. ನೆಲ ಅಗೆದರೆ ಹಳೆಯ ಚೆಂಡುಗಳು ಗೆಣಸಿನಂತೆ ಬುಟ್ಟಿಗಟ್ಟಲೆ ಸಿಕ್ಕವು. ಒಂದು ಸೆಟ್ಟು ಹಲ್ಲೂ ಸಿಕ್ಕಿತು. ಅದು ನಮ್ಮದೆಂದು ಊರಿನ ಮೂರು ಜನ ಹಿರಿಯರು ಬಂದು, ಅಲ್ಲೇ ಹಾಕಿ ನೋಡಿ ಜಗಳವಾಡಿದರು.

ಹೊಸ ಎರೆಮಣ್ಣು ಹಾಕಿದರು. ಹೊಸ ಹುಲ್ಲು ಹಾಸಿದರು. ಇಂಜಿನ್ನಿನ ರೋಲರ್ ತಂದರು. ವಜ್ರಮಟ್ಟಿ ಸಾಹೇಬರು ಫಕ್ಕೀರವ್ವನನ್ನು ಕರೆದರು.

"ನೋಡವಾ, ಖೋಲಿ ಖಾಲಿ ಮಾಡಸ್ಬೇಕಂತ ಕಮಿಟ್ಯಾಗ ಮಾತಾಗೇದ. ದೀಪಾವಳಿ ಆದ ಮ್ಯಾಲೆ ಉದ್ಘಾಟನೆ. ಅಲ್ಲೀತನಾ ಮೈದಾನ ಚಂದ ಇಟ್ಕೊಂಡಿ, ಇರ್ತಿ. ಒಂದೀಟು ಹೆಚ್ಚುಕಮ್ಮಿ ಆತು, ಗಂಟು ಕಟ್ಟು."

"ಗಂಟಿನ್ಯಾಗ ಕಟ್ಟೂದರ ಏನೈತ್ರಿ" ಎಂದಳು ಫಕ್ಕೀರವ್ವ. ಹೋಗಿ ಪೈಪು ಹಿಡಿದಳು. ಅವಳಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಖಂಡೇಪೂಜೆ ಬಂತು. ಬೆಳಿಗ್ಗೆ ಇಂಜಿನ್ ರೋಲರಿಗೆ ಮಾಲೆ ಹಾಕಿ, ಗೇಟಿನ ಹೊರಗೆ ಡಾಂಬರಿನ ಮೇಲೆ ಕುಂಬಳಕಾಯಿ ಒಡೆದರು. ಎಲ್ಲರೂ ಹೋಳಿಗೆ ಊಟಕ್ಕೆ ಹೋದರು. ಆಗ ಫಕ್ಕೀರವ್ವ ಸೆರಗಿನಲ್ಲಿ ಇನ್ನೊಂದು ಕುಂಬಳಕಾಯಿ ಮುಚ್ಚಿಕೊಂಡು ಬಂದಳು. ಹೊಸ ಪಿಚ್ಚಿನ ನಡುವೆ ಇಟ್ಟಳು. ನನಗೆ ನೀರು ಹಾಕಿದಳು. ಹಿಡಿಕೆ ಜಗ್ಗಿದಳು. ಹೊಸ ಮೆತ್ತನೆ ಮಣ್ಣಿನಲ್ಲಿ ನನ್ನನ್ನು ಎಳೆಯಲು ನಾಲ್ಕಾಳು ಬೇಕು. ಅವಳು ಒಬ್ಬಳೇ. ಅವಳು ಜಗ್ಗಿದ್ದು ಸ್ವಲ್ಪ, ಉಳಿದದ್ದು ನಾನಾಗಿಯೇ ಉರುಳಿದೆ. ನಂಬದಿದ್ದರೆ ಬಿಡಿ, ಆಣೆಯನ್ನಂತೂ ಮೊದಲೇ ಇಟ್ಟಿದ್ದೇನೆ.

ತಿರುಳು ಬಳಿದು ಹಾಕಿದಳು. ಬೀಜ ಕಾಣಲಿಲ್ಲ. ಹೇಗೆ ಕಾಣಬೇಕು? ಹಸಿ ಎರೆಮಣ್ಣು, ಮೇಲೆ ನನ್ನ ಭಾರ. ಒಂದೊಂದನ್ನೂ ಒಕ್ಕಲಿಗ ಬಿತ್ತಿದಷ್ಟು ಆಳಕ್ಕೆ ಒತ್ತಿದ್ದೆ. ಮೇಲಿನಿಂದ ದಿನಾ ಅವಳೇ ನೀರುಣಿಸಿದಳು.

ದೀಪಾವಳಿಯ ಹೊತ್ತಿಗೆ ಪಿಚ್ಚು ಚಿಗುರಿತು. ಜಿಲ್ಲೆಯ ದೊಡ್ಡ ಸಾಹೇಬರು ಮೈದಾನ ನೋಡಲು ಬಂದ ದಿನ ಅದು. ದಪ್ಪ ದಪ್ಪ ಎಲೆ, ಎರಡೆರಡು ಜೋಡಿ. ವಜ್ರಮಟ್ಟಿಯವರಿಗೆ ಗಿಡ ಯಾವುದು, ಹುಲ್ಲು ಯಾವುದು ಗೊತ್ತಿಲ್ಲ.

"ಇದು ಹೊಸಾ ತಳಿ ಹುಲ್ಲು ನೋಡ್ರಿ ಸರ್" ಎಂದರು. "ಎಲಿ ಅಗಲ. ಬಾಲ್ ಬಿದ್ರ ಮೆತ್ತಗ ಏಳ್ತದ. ಅಲ್ಲೇನ್ರೀ ಸುಧೀಂದ್ರ?"

ಸುಧೀಂದ್ರ ಬಗ್ಗಿ ನೋಡಿದ. ಅವನ ಮುಖ ಸುಣ್ಣವಾಯಿತು. "ಹೂಂ ಸಾರ್. ಬೇಗ ಹಬ್ಬುತ್ತೆ ಸಾರ್" ಎಂದ. ಅದೊಂದು ಮಾತು ಅವನು ನಿಜವನ್ನೇ ಹೇಳಿದ. ದೊಡ್ಡ ಸಾಹೇಬರು ಎಲೆ ಸವರಿ ಮೆಚ್ಚಿಕೊಂಡರು. ತಮ್ಮ ಬಂಗಲೆಗೂ ಅದನ್ನೇ ಹಾಸಬೇಕೆಂದು ಹೇಳಿ ಹೋದರು.

ಕಾರು ಗೇಟು ದಾಟಿದ ಮೇಲೆ ಸುಧೀಂದ್ರ ಒಂದು ಸಸಿ ಕಿತ್ತು, ಬುಡದಲ್ಲಿ ಅಂಟಿದ ಬೀಜದ ಸಿಪ್ಪೆ ತೋರಿಸಿದ. ವಜ್ರಮಟ್ಟಿಯವರು ಫಕ್ಕೀರವ್ವನನ್ನು ನನ್ನ ಹತ್ತಿರವೇ ನಿಲ್ಲಿಸಿ ಕೂಗಾಡಿದರು.

"ಪಿಚ್ಚಿನ್ಯಾಗ ಕುಂಬಳಕಾಯಿ ಒಡೀತಾರೇನು? ಯಾರು ಹಚ್ಚಿದ ಪದ್ಧತಿ ಇದು? ಹೆಸರು ಹೇಳು!"

ಫಕ್ಕೀರವ್ವ ಬಾಯಿ ತೆರೆದಳು. ಹೆಸರು ಗಂಟಲಿನ ತನಕ ಬಂದದ್ದು ನನಗೆ ಕಾಣಿಸಿತು. ಅಲ್ಲೇ ನಿಂತಿತು.

"ಹೇಳ್ತಿಯೋ, ಗಂಟು ಕಟ್ತಿಯೋ?"

ಅವಳು ಕೈ ಎತ್ತಿ ನನ್ನ ಮೇಲೆ ಬೆರಳಿಟ್ಟಳು. "ಇದರೀ" ಎಂದಳು.

"ಕಲ್ಲೇನು?"

"ಹೂಂರಿ. ಕಲ್ಲ ಒಡದದ್ರಿ. ಮೊದಲಿಂದನೂ ಇದರದ್ದ ಪದ್ಧತಿರಿ."

ವಜ್ರಮಟ್ಟಿಯವರು ಕೆಂಪಗಾದರು. ಸುಧೀಂದ್ರ ಅವರ ಕಿವಿಯ ಹತ್ತಿರ ಬಂದ. "ಸಾರ್, ಈಯಮ್ಮನ್ನ ಓಡಿಸಿದ್ರೆ ಯಾಕೆ ಅಂತ ಊರೆಲ್ಲ ಕೇಳುತ್ತೆ. ಹುಲ್ಲಿನ ವಿಷಯ ದೊಡ್ಡ ಸಾಹೇಬರ ತನಕ ಹೋಗುತ್ತೆ. ಸುಮ್ನೆ ಕಲ್ಲನ್ನೇ ಆಚೆ ಹಾಕಿಸ್ಬಿಡಿ."

ಹಾಗೆ ತಪ್ಪು ನನ್ನ ಮೇಲೆ ಬಂತು. ಅದೇ ಸಂಜೆ ಜೆಸಿಬಿ ನನ್ನನ್ನು ಎತ್ತಿ ತಂದು ಇಲ್ಲಿ, ಕಾಂಪೌಂಡಿನ ಹೊರಗೆ ಇಳಿಸಿತು. ಫಕ್ಕೀರವ್ವನ ಕೆಲಸ ಉಳಿಯಿತು, ಖೋಲಿ ಉಳಿಯಿತು. ಸಸಿಗಳನ್ನು ಅವಳೇ ಕಿತ್ತಳು. ಉದ್ಘಾಟನೆಯ ಆಟದಲ್ಲಿ ಚೆಂಡು ಆ ಗುಣಿಗಳಲ್ಲಿ ಬಿದ್ದು ಹೇಗೆ ತಿರುಗಿತೆಂದರೆ, ಒಂದು ಚೆಂಡು ಬ್ಯಾಟು ತಪ್ಪಿಸಿ, ಕೀಪರನನ್ನೂ ತಪ್ಪಿಸಿ, ಹಾಕಿದವನನ್ನೇ ಹುಡುಕಿಕೊಂಡು ಹೋಯಿತಂತೆ. ನಾನು ಹೊರಗಿದ್ದೆ. ಸದ್ದಷ್ಟೇ ಕೇಳಿಸಿತು. ನನಗೇನೂ ಅನಿಸಲಿಲ್ಲ.

ಈಗ ನನ್ನ ಮೈಗೆ ಹಳದಿ ಬಣ್ಣ ಬಳಿದಿದ್ದಾರೆ. ನಾಯಿ ಬರುತ್ತದೆ, ನೀವು ಬರುತ್ತೀರಿ. ಆದರೆ ನಿಮ್ಮ ಕಾಲಿಗೆ ತಾಗುತ್ತಿದೆಯಲ್ಲ ಬಳ್ಳಿ, ಅದು ಕುಂಬಳದ್ದು. ಕಿತ್ತ ಸಸಿಗಳಲ್ಲಿ ಒಂದನ್ನು ಫಕ್ಕೀರವ್ವ ನನ್ನ ಬುಡಕ್ಕೆ ನೆಟ್ಟಳು. ಆಮೇಲೆ ಅದರ ಬೀಜವನ್ನೇ ಮತ್ತೆ ಮತ್ತೆ ಹಾಕಿದಳು. ಸಂಜೆ ಕೆಲಸ ಮುಗಿಸಿ ಬರುತ್ತಾಳೆ. ಬಳ್ಳಿಗೆ ನೀರು ಹಾಕುತ್ತಾಳೆ. ಒಂದು ಚೆಂಬು ನನಗೂ ಹಾಕುತ್ತಾಳೆ. ಉರುಳದ ಕಲ್ಲಿಗೆ ನೀರೇಕೆ ಎಂದು ವಾಚ್‌ಮನ್ ನಗುತ್ತಾನೆ.

ಹೋದ ಖಂಡೇಪೂಜೆಯ ದಿನ ಈ ಬಳ್ಳಿಯ ಮೊದಲ ಕಾಯಿ ಕೊಯ್ದಳು. ಕುಂಕುಮ ಹಚ್ಚಿ ನನ್ನ ಮುಂದೆ ಇಟ್ಟಳು. ಒಡೆಯಲಿಲ್ಲ. ಮೊದಲು ಇಬ್ಬರೂ ಕೂರುತ್ತಿದ್ದರಲ್ಲ, ಹಾಗೆ ನನಗೆ ಬೆನ್ನು ಕೊಟ್ಟು ಕೂತಳು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿ ಕೂತವರನ್ನು ಕರೆಯುವಷ್ಟೇ ಮೆಲ್ಲಗೆ, "ಅಂದಾನಪ್ಪಾ" ಎಂದಳು.

ಕಲ್ಲಿಗೆ ಏನೂ ಅನಿಸುವುದಿಲ್ಲ ಎಂದು ನಾನು ಆಗಿನಿಂದ ಹೇಳುತ್ತಿದ್ದೇನಲ್ಲ, ಆ ಮಾತು... ಎದ್ದಿರಾ? ಮನೆಯವರು ಬಂದರೇನು? ಒಂದು ನಿಮಿಷ ನಿಲ್ಲಿ. ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಆ ಒಂದೇ ಒಂದು ಮಾತು ಸುಳ್...