ಸಮುದ್ರ ಒಪ್ಪಿಸುವ ದಿನ

ಎಡಿಟಿಂಗ್ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆ ತುಂಬ ಕಪ್ಪು ಸ್ಪಂಜು. ಬಾಗಿಲು ಮುಚ್ಚಿದರೆ ತನ್ನ ಉಸಿರೇ ಅವಳಿಗೆ ಕೇಳಿಸುತ್ತಿತ್ತು. ಎದುರಿನ ಪರದೆಯಲ್ಲಿ ದೊಡ್ಡಮ್ಮ ಕೂತಿದ್ದರು, ಮಡಿಲಲ್ಲಿ ಕೈ ಕಟ್ಟಿಕೊಂಡು. ತಾಯಿ ಸತ್ತ ಮೇಲೆ ಅವಳನ್ನು ಸಾಕಿದವರು.

ಲೋಕಾಂತ್ಯ ನಂಬುವವರ ಬಗ್ಗೆ ಅವಳು ಎಡಿಟರ್ ಆಗಿದ್ದ ಚಾನೆಲ್‌ನಲ್ಲಿ ಚರ್ಚೆಯಿತ್ತು, ನಂಬುವವರೊಬ್ಬರು ಬೇಕಾಗಿದ್ದರು. ದೊಡ್ಡಮ್ಮನನ್ನು ಒಪ್ಪಿಸಿದವಳು ಅವಳೇ.

“ನಗ್ತಾರೆ ಕಣೇ,” ಎಂದಿದ್ದರು ದೊಡ್ಡಮ್ಮ.

“ಕತ್ತರಿ ನನ್ನ ಕೈಲಿರೋವಾಗ ನಗೋಕೆ ಬಿಡ್ತೀನಾ?”

“ಅವನ ಹೆಸರು ಟೀವೀಲಿ ಬರತ್ತಾ?”

“ಬರತ್ತೆ ದೊಡ್ಡಮ್ಮ.”

ದೊಡ್ಡಮ್ಮನ ಒಬ್ಬನೇ ಮಗ ದೋಣಿಯಲ್ಲಿ ಸಮುದ್ರಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ದೇಹ ಸಿಗದ್ದರಿಂದ ಸಮಾಧಿಯಿಲ್ಲ, ಹೆಸರು ಕೆತ್ತಿಸಲು ಒಂದು ಕಲ್ಲೂ ಇಲ್ಲ.

ಪರದೆಯಲ್ಲಿ ವರದಿಗಾರ ಕೇಳುತ್ತಿದ್ದ, “ಲೋಕಾಂತ್ಯ ಯಾವಾಗಮ್ಮ? ತಾರೀಖು ಹೇಳಿ.”

“ಗೊತ್ತಿದ್ರೆ, ನೀವು ಬರ್ತೀರಂತ ಬೆಳಗ್ಗೆಯಿಂದ ನೆಲ ಒರೆಸ್ತಿದ್ನೇನಪ್ಪಾ? ಅದು ಯಾರಿಗೂ ಗೊತ್ತಿಲ್ಲ.”

“ಬೆಂಕಿ, ಭೂಕಂಪ, ಬೈಬಲಲ್ಲಿ ಹೇಳಿರೋ ಮೃಗ... ಭಯ ಆಗಲ್ವಾ?”

“ಭಯ ಯಾಕೆ? ಕರ್ತ ಯೇಸು ತಿರುಗಿ ಬರೋ ದಿನ ಸಮುದ್ರ ತಾನು ಇಟ್ಕೊಂಡಿರೋ ಸತ್ತವರನ್ನೆಲ್ಲ ಒಪ್ಪಿಸ್ಬೇಕು.”

ಆಮೇಲೆ ದೊಡ್ಡಮ್ಮ ಮಗನ ಹೆಸರು ಹೇಳಿದರು, ಊಟಕ್ಕೆ ಕರೆಯುವ ಹಾಗೆ. ಹೇಳಿ ಬಾಗಿಲ ಕಡೆ ನೋಡುತ್ತ ಸುಮ್ಮನಾದರು. ಕ್ಯಾಮೆರಾ ಓಡುತ್ತಲೇ ಇತ್ತು.

ಪ್ರೊಡ್ಯೂಸರ್ ಒಳಗೆ ಬಂದ. ಕೆಟ್ಟ ಮನುಷ್ಯನಲ್ಲ, ಜ್ವರ ಬಂದಾಗ ಅವಳನ್ನು ಮನೆಯವರೆಗೆ ಬಿಟ್ಟು ಹೋಗಿದ್ದವನು. ಹಿಂದೆ ನಿಂತು ನೋಡಿ ಚಿಟಿಕೆ ಹೊಡೆದ.

“ಆ ಮೌನ ಇದ್ಯಲ್ಲ, ಚಿನ್ನ! ಅದನ್ನ ಎತ್ತಿ ತಾರೀಖಿನ ಪ್ರಶ್ನೆ ಆದ್ಮೇಲೆ ಇಡು. ಹಿನ್ನೆಲೇಲಿ ಗಡಿಯಾರದ ಟಿಕ್ ಟಿಕ್. ತಕ್ಷಣ ನಮ್ಮ ವಿಶ್ಲೇಷಕರ ಜೋಕು.”

ಜೋಕು ಆಗಲೇ ರೆಕಾರ್ಡ್ ಆಗಿತ್ತು. “ಲೋಕ ಮುಗಿಯತ್ತೆ ಅನ್ನೋರು ಮನೆಗೆ ಬಣ್ಣ ಯಾಕ್ರೀ ಹೊಡಿಸ್ತಾರೆ?” ಸ್ಟುಡಿಯೋದಲ್ಲಿ ಕೂತವರೆಲ್ಲ ನಕ್ಕಿದ್ದರು. ಮೃಗದ ಬಗ್ಗೆ, ಅದರ ಅಂಕಿಯ ಬಗ್ಗೆ, ಮೂಢನಂಬಿಕೆಯ ಬಗ್ಗೆ ಮಾತಾಡಿದ್ದರು. ಆ ದಿನಕ್ಕಾಗಿ ಕಾಯುವವರು ಯಾರಿಗಾಗಿ ಕಾಯುತ್ತಾರೆ ಎಂದು ಒಬ್ಬರೂ ಕೇಳಿರಲಿಲ್ಲ.

“ಅವರು ಉತ್ತರ ಕೊಟ್ಟಿದಾರಲ್ಲ ಸರ್. ಗೊತ್ತಿಲ್ಲ ಅಂದಿದಾರೆ.”

“ಗೊತ್ತಿಲ್ಲ ಅನ್ನೋರನ್ನ ಯಾರಮ್ಮ ನೋಡ್ತಾರೆ? ತಾರೀಖು ಹೇಳೋ ಹುಚ್ಚ ಬೇಕು, ಇಲ್ಲಾಂದ್ರೆ ತಬ್ಬಿಬ್ಬಾಗೋ ಮುದುಕಿ ಬೇಕು.”

ಇವರು ನಮ್ಮ ದೊಡ್ಡಮ್ಮ ಎನ್ನಬೇಕೆಂದುಕೊಂಡಳು. ಎನ್ನಲಿಲ್ಲ. “ಆಡಿಯೋ ಸರಿಯಿಲ್ಲ ಸರ್,” ಎಂದು ಸುಳ್ಳು ಹೇಳಿದಳು. “ಪೂರ್ತಿ ತೆಗೆದುಬಿಡ್ತೀನಿ.”

“ತೆಗಿ. ಬೋರ್ಡ್ ಹಿಡ್ಕೊಂಡು ಬೀದೀಲಿ ಕೂಗೋನ ಹಳೇ ಫುಟೇಜ್ ಇದ್ಯಲ್ಲ, ಅದೇ ಸಾಕು.”

ಅವಳು ಕೀಲಿ ಒತ್ತಿದಳು. ಹಿಂದಿನ, ಮುಂದಿನ ದೃಶ್ಯಗಳು ಸೇರಿಕೊಂಡು ದೊಡ್ಡಮ್ಮ ಇದ್ದ ಜಾಗ ತಾನಾಗಿಯೇ ಮುಚ್ಚಿಕೊಂಡಿತು.

ಕಾರ್ಯಕ್ರಮಕ್ಕೆ ಮೊದಲೇ ದೊಡ್ಡಮ್ಮನಿಗೆ ಹೇಳಿಬಿಡಬೇಕೆಂದು ಸಂಜೆ ಬೇಗ ಮನೆಗೆ ಹೋದಳು. ಮನೆ ತುಂಬ ಜನ. ಪ್ರಾರ್ಥನಾ ಮಂದಿರದಿಂದ ಕುರ್ಚಿಗಳನ್ನು ತರಿಸಿದ್ದರು. ಪಾಸ್ಟರಮ್ಮನ ಪಕ್ಕದಲ್ಲಿ ದೊಡ್ಡಮ್ಮ, ಕ್ಯಾಮೆರಾ ಮುಂದೆ ಉಟ್ಟಿದ್ದ ಅದೇ ಬಟ್ಟೆ ಉಟ್ಟುಕೊಂಡು, ತಲೆ ಬಾಚಿಕೊಂಡು. ಅಷ್ಟು ಜನರ ನಡುವೆ ಹೇಳಲಾರದೆ ಹಿಂದಿನ ಕುರ್ಚಿಯಲ್ಲಿ ಕೂತಳು.

ಟೀವಿಯಲ್ಲಿ ಬೋರ್ಡ್ ಹಿಡಿದವನು ಬಂದ. ಜೋಕು ಬಂತು, ನಗು ಬಂತು. “ಇರಿ, ಇನ್ನೇನು ಬಂದ್ರು,” ಎಂದು ಪಕ್ಕದ ಮನೆಯಾಕೆ ಹೇಳುತ್ತಲೇ ಇದ್ದಳು. ನಿರೂಪಕ ಕೈ ಮುಗಿದ. ಸೋಪಿನ ಜಾಹೀರಾತು ಶುರುವಾಯಿತು. ಬಂದವರು ಸದ್ದಿಲ್ಲದೆ ಕುರ್ಚಿ ಮಡಚಿಕೊಂಡು ಹೊರಟರು.

“ಆಯ್ತಾ?” ಎಂದರು ದೊಡ್ಡಮ್ಮ.

“ಜನ ನಿಮ್ಮನ್ನ ನೋಡಿ ನಗೋ ಹಾಗೆ ಮಾಡು ಅಂದ್ರು ನಮ್ಮ ಸರ್, ದೊಡ್ಡಮ್ಮ. ಅದಕ್ಕೆ ನಾನೇ ತೆಗೆದುಬಿಟ್ಟೆ.”

“ನಕ್ರೆ ನಗ್ಲಿ ಬಿಡೇ. ಹೆಸರು ಬರ್ತಿತ್ತಲ್ಲ.”

ಅವಳು ಆತುರದಿಂದ ಫೋನ್ ತೆಗೆದಳು. “ನೀವು ಹೇಳಿದ್ದನ್ನ ಇದರಲ್ಲಿ ಹಾಕ್ಕೊಂಡು ಬಂದಿದೀನಿ. ಕೇಳಿಸ್ಲಾ?”

“ನನಗ್ಯಾಕೆ? ನನಗೆ ಅವನ ಹೆಸರು ಗೊತ್ತಿಲ್ವಾ?”

ದೊಡ್ಡಮ್ಮ ಬಾಗಿಲ ಕಡೆ ನೋಡುತ್ತ ಸುಮ್ಮನಾದರು. ಕೊನೆಯ ಕುರ್ಚಿ ಹೊತ್ತವರು ಬಾಗಿಲನ್ನು ತೆರೆದೇ ಬಿಟ್ಟು ಹೋಗಿದ್ದರು.